ನೀಲಿ ಅಂಗಿಯವರು ಸೋಲಲಿ ದೇವರೇ

ಬೇರೆಯವರು ಸೋಲಲಿ ಎಂದು ದೇವರಲ್ಲಿ ಬೇಡಿಕೊಳ್ಳುವವರು ಲೋಕದಲ್ಲಿ ಕಡಿಮೆಯೇನಿಲ್ಲ. ಪಂಚಾಯ್ತಿ ಚುನಾವಣೆಗೆ ನಿಂತವರು ಬೇಡುತ್ತಾರೆ, ಜಾಗದ ಗಡಿಗಾಗಿ ಕೋರ್ಟು ಹತ್ತಿದ ದಾಯಾದಿಗಳು ಬೇಡುತ್ತಾರೆ, ಎದುರಿನ ಅಂಗಡಿ ಬಾಗಿಲು ಹಾಕಲಿ ಎಂದು ನಾನೇ ಒಂದೆರಡು ಸಲ ಬೇಡಿದ್ದುಂಟು. ಅದರಲ್ಲಿ ವಿಶೇಷವೇನಿಲ್ಲ, ದೇವರಿಗೂ ಅಭ್ಯಾಸವಾಗಿ ಹೋಗಿದೆ. ಆದರೆ ಕಂಡು ಕೇಳರಿಯದ ದೇಶದಲ್ಲಿ, ಕಾಲಿಟ್ಟು ಗೊತ್ತಿಲ್ಲದ ಮಂಜುಗಡ್ಡೆಯ ಮೇಲೆ ನಿಂತಿರುವ ಒಬ್ಬ ಮನುಷ್ಯ, ನನಗೆ ಒಂದಿಷ್ಟೂ ಕೇಡು ಮಾಡದ ಬಡಪಾಯಿ, ಇವತ್ತೂ ಸೋಲಲಪ್ಪಾ ಎಂದು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಬೇಡಿಕೊಂಡವನು ಕುಂದಾಪುರದ ಕಡೆಯಲ್ಲಿ ನಾನೊಬ್ಬನೇ ಇರಬೇಕು. ಬೇಡಿಕೊಂಡದ್ದು ಮಾತ್ರವಲ್ಲ, ಅವನು ಸೋತದ್ದಕ್ಕೆ ಹಣ್ಣುಕಾಯಿಯನ್ನೂ ಮಾಡಿಸಿದ್ದೇನೆ. ಇದನ್ನು ಕೇಳಿ ನನ್ನನ್ನು ದುಷ್ಟ ಅಂದುಕೊಳ್ಳಬೇಡಿ. ತೆಕ್ಕಟ್ಟೆಯಲ್ಲಿ ಹೆದ್ದಾರಿ ಬದಿಗೆ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಪೈಪು, ಮೊಳೆ, ಪೈಂಟು ಮಾರಿ ಬದುಕುವ ಸಾಧು ಪ್ರಾಣಿ ನಾನು. ಇಷ್ಟೆಲ್ಲ ಆದದ್ದು ನನ್ನ ಅಮ್ಮನ ಬಾಯಿಯ ದೆಸೆಯಿಂದ.

ಅಮ್ಮನ ಬಾಯಿಯಲ್ಲಿ ಯಾವತ್ತೂ ಎರಡು ಇರುತ್ತಿದ್ದವು. ಒಂದು ಮಾತು, ಇನ್ನೊಂದು ಎಲೆಅಡಿಕೆ. ಎರಡಕ್ಕೂ ಸುಣ್ಣ ಸ್ವಲ್ಪ ಹೆಚ್ಚೇ. ಬೆಳಿಗ್ಗೆ ಚಹಾ ಕುಡಿದ ಕೂಡಲೇ ಹಿತ್ತಾಳೆಯ ಎಲೆತಟ್ಟೆ ಎಳೆದುಕೊಂಡು ಕೂತರೆ, ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೆ ಉಗುರಿನಷ್ಟು ಹೊಗೆಸೊಪ್ಪು ಮುರಿದು ಹಾಕಿ ಮಡಚುವ ಆ ಚಂದವನ್ನು ನೋಡಿದರೆ, ತಿನ್ನದವರಿಗೂ ಬಾಯಲ್ಲಿ ನೀರೂರಬೇಕು. ಅದನ್ನು ಬಿಡು ಎಂದು ನಾನು ಹೇಳಿ ಸೋತೆ, ನನ್ನ ಹೆಂಡತಿ ಗಿರಿಜೆ ಹೇಳಿ ಸೋತಳು, ಬೈಂದೂರಿಗೆ ಕೊಟ್ಟ ನನ್ನ ತಂಗಿ ಬಂದಾಗಲೆಲ್ಲ ಹೇಳಿ, ಕೊನೆಗೆ ತಾನೇ ಒಂದು ಎಲೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. “ಬಿಡ್ತೆ, ಬಿಡ್ತೆ” ಎಂದು ಅಮ್ಮ ಹೇಳುವ ರೀತಿಯಲ್ಲೇ ಬಿಡುವುದಿಲ್ಲ ಎಂಬುದು ಗೊತ್ತಾಗುತ್ತಿತ್ತು. ಕಳೆದ ವರ್ಷ ಹಲ್ಲಿನ ಸೆಟ್ ಮಾಡಿಸಲು ಕುಂದಾಪುರಕ್ಕೆ ಕರೆದುಕೊಂಡು ಹೋದಾಗ, ಹಲ್ಲಿನ ಡಾಕ್ಟರು ಕೆನ್ನೆಯ ಒಳಗೆ ಬೆಳಕು ಬಿಟ್ಟು ಎರಡೆರಡು ಸಲ ನೋಡಿದರು. ಒಂದು ಬಿಳಿ ಕಲೆ ಇತ್ತು. ಅಮ್ಮನಿಗೂ ಕನ್ನಡಿ ಹಿಡಿದು ತೋರಿಸಿದರು. ಹೊಗೆಸೊಪ್ಪು, ಅಡಿಕೆ ಎಲ್ಲ ಪೂರ್ತಿ ನಿಲ್ಲಿಸಿ ಕೆಲವು ತಿಂಗಳು ಬಿಟ್ಟು ಬನ್ನಿ, ಕಲೆ ಹೋದರೆ ಹೋಯಿತು, ಹೋಗದಿದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ ಎಂದರು. ಯಾವ ಪರೀಕ್ಷೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ರಿಕ್ಷಾದಲ್ಲಿ ನಾನು ಡಾಕ್ಟರ ಚೀಟಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರೆ, ಪಕ್ಕದಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ ಎಲೆ ತೆಗೆಯುತ್ತಿದ್ದಳು. “ಆ ಡಾಕ್ಟ್ರ್ ಹೆಣ್ಣಿಗ್ ಇನ್ನೂ ಮದಿ ಆಯ್ಲಿಲ್ಲೆ. ಅದ್ಕೆಂತ ಗೊತ್ತಿತ್ ಎಲಿಯಡ್ಕಿ ರುಚಿ?” ಎಂದಳು. ಮದುವೆಗೂ ಎಲೆಅಡಿಕೆಗೂ ಏನು ಸಂಬಂಧ ಎಂದು ನೀವೇ ಹೇಳಿ.

ಹೀಗಿರುವಾಗ ನಮ್ಮ ಕೇಬಲ್ಲಿನವನು ಚಾನೆಲ್ಲುಗಳ ಜಾಗ ಬದಲಿಸಿದ. ಅಮ್ಮನಿಗೆ ಚಾನೆಲ್ಲಿನ ಹೆಸರು ಗೊತ್ತಿಲ್ಲ, ರಿಮೋಟಿನಲ್ಲಿ ಯಾವ ಮೂರು ಗುಂಡಿ ಒತ್ತಬೇಕು ಎಂಬುದು ಬೆರಳಿಗೆ ಗೊತ್ತು. ಹಿಂದಿನ ದಿನದ ಧಾರಾವಾಹಿಯನ್ನು ಬೆಳಿಗ್ಗೆ ಏಳು ಗಂಟೆಗೆ ಮತ್ತೆ ಹಾಕುತ್ತಾರೆ, ಅದನ್ನು ನೋಡದೆ ಅಮ್ಮನಿಗೆ ದಿನ ಶುರುವಾಗುವುದಿಲ್ಲ. ಅವತ್ತು ಗುಂಡಿ ಒತ್ತಿದರೆ ಸೊಸೆ ಇಲ್ಲ, ಅತ್ತೆ ಇಲ್ಲ, ವಿಷ ಹಾಕಿದ ಪಾಯಸವೂ ಇಲ್ಲ. ಬೆಳ್ಳಗಿನ ನೆಲ, ಅದರ ಮೇಲೆ ದಪ್ಪ ದಪ್ಪ ಅಂಗಿ ತೊಟ್ಟ ಗಂಡಸರು ಕೋಲು ಹಿಡಿದುಕೊಂಡು ಅತ್ತಿಂದಿತ್ತ ಜಾರುತ್ತಿದ್ದಾರೆ. ಧಾರಾವಾಹಿಗೆ ಮುಂಚಿನ ಜಾಹೀರಾತು ಇರಬೇಕು ಎಂದುಕೊಂಡು ಅಮ್ಮ ತಾಳ್ಮೆಯಿಂದ ಕಾದಳು. ನಾನು ಚಹಾ ಹಿಡಿದುಕೊಂಡು ಒಳಗೆ ಬರುವ ಹೊತ್ತಿಗೆ ಒಂದು ತಾಸು ಆಗಿರಬೇಕು. “ಮಗಾ, ಈ ಜಾಹೀರಾತ್ ಮುಗೂದೇ ಇಲ್ಯಲೆ! ಎಂತ ಮಾರುದ್ ಇವ್ರ್?” ಎಂದು ಕೇಳಿದಳು.

ಇದು ಐಸ್ ಹಾಕಿ ಎಂಬ ಆಟ, ಅಮೇರಿಕಾದ ಕಡೆ ಆಡುತ್ತಾರೆ, ಇವರೆಲ್ಲ ಸಂಬಳಕ್ಕೆ ಆಡುವವರು, ಕೆಳಗೆ ಇರುವುದು ಐಸ್ ಎಂದು ವಿವರಿಸಿದೆ. ಐಸ್ ಎಂದ ಕೂಡಲೇ ಅಮ್ಮನ ಮುಖ ಹುಳಿಯಾಯಿತು. ನಮ್ಮಲ್ಲಿ ಐಸ್ ಅಂದರೆ ಮೀನಿಗೆ ಹಾಕುವುದು, ಮತ್ತು ಐಸ್ ಹಾಕಿದ ಬಂಗುಡೆಯನ್ನು ಅಮ್ಮ ಬಂಗುಡೆ ಎಂದೇ ಒಪ್ಪುವುದಿಲ್ಲ. ಮೀನಿನವಳು ಬುಟ್ಟಿ ಇಳಿಸಿದರೆ ಕಿವಿರು ಎತ್ತಿ ನೋಡಿ, “ಇದ್ ಎಷ್ಟ್ ದಿನ ಐಸಂಗ್ ಮನ್ಕಂಡಿತ್?” ಎಂದು ಮೀನಿನ ಪರವಾಗಿ ವಿಚಾರಣೆ ಮಾಡುವವಳು. ಅಂಥವಳು ಟಿವಿಯಲ್ಲಿ ಗದ್ದೆಯಷ್ಟಗಲ ಐಸ್ ನೋಡಿ, “ಇಷ್ಟ್ ಐಸ್ ನೆಲಕ್ಕ್ ಹಾಕ್ರೆ ಇವ್ರ್ ಮೀನಿಗ್ ಎಂತ ಹಾಕ್ತ್ರ್?” ಎಂದಳು. ಧಾರಾವಾಹಿ ಈಗ ಯಾವ ನಂಬರಿನಲ್ಲಿ ಬರುತ್ತದೆ ಎಂದು ನಾನು ಹುಡುಕಿ ಕೊಡಲು ಹೋದೆ. “ಇರ್ಲಿ, ಇದ್ ಮುಗೀಲಿ” ಎಂದಳು. ಅಲ್ಲಿಗೆ ಆ ಸೊಸೆಯ ಕತೆ ಏನಾಯಿತು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಈ ಆಟವನ್ನು ನೋಡಲು ಕೂತ ನನಗೆ ಒಂದು ದೊಡ್ಡ ಕಷ್ಟ ಎದುರಾಯಿತು. ಚೆಂಡು ಕಾಣುವುದಿಲ್ಲ. ಚೆಂಡೂ ಅಲ್ಲ ಅದು, ಕಪ್ಪು ರಬ್ಬರಿನ ಒಂದು ಬಿಲ್ಲೆ. ಎಲ್ಲರೂ ಒಂದು ಕಡೆಗೆ ಓಡಿದರೆ ಬಿಲ್ಲೆ ಅಲ್ಲಿದೆ ಎಂದು ಅಂದಾಜು ಮಾಡಬೇಕು. ನಾನು ಅಲ್ಲಿಗೆ ಕಣ್ಣು ತಿರುಗಿಸುವಷ್ಟರಲ್ಲಿ ಅವರೆಲ್ಲ ಇನ್ನೊಂದು ಕಡೆಗೆ ಹೋಗಿಯಾಗಿರುತ್ತದೆ. ವೀಕ್ಷಕ ವಿವರಣೆ ಕೊಡುವವರಂತೂ ಉಸಿರು ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಮೀನು ಹರಾಜು ಕೂಗುವವರೂ ನಡುವೆ ಒಮ್ಮೆ ಎಂಜಲು ನುಂಗುತ್ತಾರೆ, ಇವರು ಅದನ್ನೂ ಮಾಡುವುದಿಲ್ಲ. ಗೋಲ್ ಆದ ಮೇಲೆ ನಾಲ್ಕು ದಿಕ್ಕಿನಿಂದ ನಿಧಾನವಾಗಿ ತೋರಿಸುತ್ತಾರೆ, ಆಗಲೂ ನನಗೆ ಕಾಣುವುದಿಲ್ಲ. ಹಟ ಬಿಡದೆ ಒಂದು ದಿನ ಪೆನ್‌ಡ್ರೈವ್ ತಂದು ಸೆಟ್‌ಟಾಪ್ ಬಾಕ್ಸಿನ ಹಿಂದೆ ಸಿಕ್ಕಿಸಿ ಇಡೀ ಆಟವನ್ನು ರೆಕಾರ್ಡ್ ಮಾಡಿಕೊಂಡೆ, ಪುರುಸೊತ್ತಿನಲ್ಲಿ ನಿಲ್ಲಿಸಿ ನಿಲ್ಲಿಸಿ ಬಿಲ್ಲೆ ಹುಡುಕುವ ಎಂದು. ಅಮ್ಮನಿಗೆ ಈ ತಾಪತ್ರಯವೇ ಇರಲಿಲ್ಲ. ಅವಳು ಬಿಲ್ಲೆಯನ್ನು ನೋಡುತ್ತಲೇ ಇರಲಿಲ್ಲ, ಮನುಷ್ಯರನ್ನು ನೋಡುತ್ತಿದ್ದಳು. ಇಬ್ಬರು ಕೈಗವಸು ಬಿಸಾಡಿ ಹೊಡೆದಾಡಲು ನಿಂತರೆ, ಪಟ್ಟೆ ಅಂಗಿಯ ಅಂಪಾಯರುಗಳು ಬದಿಗೆ ನಿಂತು ನೋಡುವುದನ್ನು ಕಂಡು ಅವಳಿಗೆ ತಡೆಯದಷ್ಟು ಸಿಟ್ಟು. “ಎಂತ ಸಾವಾ, ತಪ್ಸುಕೆ ಹೋಪುಕಿಲ್ಯಾ ಇವ್ರಿಗೆ? ಪಟ್ಟಿ ಅಂಗಿ ಹೊಲ್ಸ್ಕಂಡದ್ ಎಂತಕ್ಕೆ?” ಎಂದು ಟಿವಿಗೆ ಬೈಯುತ್ತಿದ್ದಳು. ತಪ್ಪು ಮಾಡಿದವನನ್ನು ಗಾಜಿನ ಗೂಡಿನಲ್ಲಿ ಎರಡು ನಿಮಿಷ ಕೂರಿಸುತ್ತಾರೆ ಎಂದು ನಾನು ಹೇಳಿದಾಗ ಮಾತ್ರ ಅವಳಿಗೆ ಆ ದೇಶದ ಮೇಲೆ ಗೌರವ ಬಂತು. “ನಿನ್ನನ್ನೂ ಸಣ್ಣಕಿಪ್ಪತ್ತಿಗೆ ಹಾಂಗ್ ಕೂರ್ಸುಕಿತ್ತ್” ಎಂದು ನನ್ನ ಬಾಲ್ಯಕ್ಕೂ ಎರಡು ನಿಮಿಷ ವಿಧಿಸಿದಳು.

ನಮ್ಮ ಮನೆಯ ಟಿವಿಗೆ ಹೆಚ್ಚಾಗಿ ಬರುತ್ತಿದ್ದದ್ದು ನೀಲಿ ಅಂಗಿಯ ಒಂದು ತಂಡದ ಆಟ. ಆ ತಂಡದ ಗೋಲ್‌ಕೀಪರನನ್ನು ಅಮ್ಮ ಗಮನಿಸಿದ್ದು ಎರಡನೆಯ ದಿನವೋ ಮೂರನೆಯ ದಿನವೋ. ಉಳಿದ ಆಟಗಾರರು ಒಂದು ನಿಮಿಷ ಜಾರಿದರೆ ಸಾಕು, ಗೋಡೆ ಹಾರಿ ಹೊರಗೆ ಬಂದು ಬೆಂಚಿನಲ್ಲಿ ಕೂತು ನೀರು ಕುಡಿಯುತ್ತಾರೆ, ಅವರ ಬದಲಿಗೆ ಇನ್ನೊಂದು ಗುಂಪು ಒಳಗೆ ಹಾರುತ್ತದೆ. ಗೋಲ್‌ಕೀಪರ್ ಮಾತ್ರ ನಿಂತಲ್ಲೇ ನಿಂತಿರುತ್ತಾನೆ. ಕಾಲಿಗೆ ಹಾಸಿಗೆಯಷ್ಟು ದಪ್ಪದ ಕಟ್ಟು, ಮುಖಕ್ಕೆ ನಮ್ಮ ಯಕ್ಷಗಾನದ ರಾಕ್ಷಸ ವೇಷದಂತೆ ಬಣ್ಣ ಬಳಿದ ಮುಖವಾಡ. “ಅವ್ನಿಗ್ ಬದ್ಲಿ ಇಲ್ಯಾ?” ಎಂದು ಕೇಳಿದಳು ಅಮ್ಮ. ಇದ್ದಾನೆ, ಆದರೆ ಇವನಿಗೆ ಪೆಟ್ಟಾದರೆ ಮಾತ್ರ ಬರುತ್ತಾನೆ ಎಂದೆ. “ಪಾಪ” ಎಂದಳು ಅಮ್ಮ. ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದ ಗಿರಿಜೆ, “ಬದ್ಲಿ ಇಲ್ದಿದ್ದರ ಕಷ್ಟ ಬದ್ಲಿ ಇಲ್ದಿದ್ದರಿಗೇ ಗೊತ್ತಾಪ್ದ್ ಅತ್ತೆ” ಎಂದು ನನ್ನ ಕಡೆ ನೋಡಿದಳು. ನಾನು ಬಿಲ್ಲೆ ಹುಡುಕುವುದರಲ್ಲಿ ಮಗ್ನನಾದೆ. ಅವತ್ತಿನಿಂದ ಅವನು ನಮ್ಮ ಮನೆಯ ಹುಡುಗನೇ ಆಗಿ, “ನಮ್ಮ ಮಾಣಿ” ಆದ. ನಮ್ಮ ಮಾಣಿ ಎದ್ನಾ, ನಮ್ಮ ಮಾಣಿಗ್ ಪೆಟ್ಟಾಯ್ತಾ, ನಮ್ಮ ಮಾಣಿಗೆ ನೀರ್ ಕೊಟ್ರಾ ಎಂದು ಅಮ್ಮ ಕೇಳುವುದನ್ನು ಕೇಳಿದ ಮೀನಿನವಳು, ನನ್ನ ತಂಗಿಗೆ ಮೊಮ್ಮಗ ಹುಟ್ಟಿರಬೇಕು ಎಂದುಕೊಂಡು ಸಿಹಿ ಕೇಳಿದಳು.

ಆದರೆ ನಮ್ಮ ಮಾಣಿಯ ತಂಡ ಇತ್ತಲ್ಲ, ಅದು ಸೋಲುವುದರಲ್ಲಿ ನಿಸ್ಸೀಮ. ಉಳಿದವರು ಬಿಲ್ಲೆಯನ್ನು ಕಳೆದುಕೊಂಡು ಬರುವುದು, ಎದುರಿನವರು ನಾಲ್ಕೈದು ಜನ ಒಟ್ಟಿಗೆ ನುಗ್ಗಿ ಇವನ ಮೇಲೆ ಹೊಡೆಯುವುದು, ಹತ್ತು ತಡೆದರೆ ಹನ್ನೊಂದನೆಯದು ಒಳಗೆ ಹೋಗುವುದು. “ಉಳ್ದರೆಲ್ಲ ಎಂತ ಮಾಡ್ತ್ರ್? ಇವ್ನೊಬ್ನೇ ತಡುಕಾ?” ಎಂದು ಅಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿ ಕೂಗುತ್ತಿದ್ದಳು. ಒಂದು ಬೆಳಿಗ್ಗೆ ಬಿಲ್ಲೆ ಅವನ ಎರಡು ಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತು. ಅವನು ಮಂಡಿಯೂರಿ ಹಾಗೇ ಕೂತುಬಿಟ್ಟ. ಯಾರೂ ಹತ್ತಿರ ಬರಲಿಲ್ಲ. ಆಮೇಲೆ ನೀರು ಕುಡಿಯಲು ಮುಖವಾಡ ಮೇಲೆತ್ತಿದಾಗ ಕ್ಯಾಮೆರಾದವನು ಹತ್ತಿರದಿಂದ ಮುಖ ತೋರಿಸಿದ. ಮೀಸೆ ಸರಿಯಾಗಿ ಮೂಡಿರದ ಹುಡುಗ. ಅಷ್ಟು ಐಸಿನ ನಡುವೆ ನಿಂತವನ ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅಮ್ಮ ಎದ್ದಳು. ಹಿತ್ತಲಿಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದು, ಬಾವಿಕಟ್ಟೆಯಲ್ಲಿ ಬಾಯಿ ತೊಳೆದು, ದೇವರ ಕೋಣೆಗೆ ಬಂದು ದೀಪ ಹಚ್ಚಿದಳು. ನಾನೂ ಗಿರಿಜೆಯೂ ಬಾಗಿಲಲ್ಲೇ ನಿಂತಿದ್ದೆವು. “ಆ ಮಾಣಿ ಗೆಲ್ಲು ವರಿಗೆ ನಾ ಎಲಿಯಡ್ಕಿ ಮುಟ್ಟೂದಿಲ್ಲ ದೇವ್ರೇ” ಎಂದು ಅಮ್ಮ ಗಟ್ಟಿಯಾಗಿ ಹೇಳಿಕೊಂಡಳು.

ನಮ್ಮ ಕಡೆಯಲ್ಲಿ ಹರಕೆ ಅಂದರೆ ತಮಾಷೆಯಲ್ಲ. ಸರಕಾರಕ್ಕೆ ಕೊಟ್ಟ ಮಾತು ತಪ್ಪಬಹುದು, ಹೆಂಡತಿಗೆ ಕೊಟ್ಟ ಮಾತು ತಪ್ಪಿ ಬದುಕಿ ಉಳಿದವರಿದ್ದಾರೆ, ಹರಕೆ ತಪ್ಪಿದವನ ಕತೆ ಮುಗಿಯಿತು. ಬಸ್ರೂರಿನಲ್ಲಿ ಗಿರಿಜೆಯ ಚಿಕ್ಕಪ್ಪ ಒಬ್ಬರು ಯಾವ ಕಾಲದಲ್ಲೋ ಒಂದು ಬಾಳೆಗೊನೆಯ ಹರಕೆ ಹೇಳಿಕೊಂಡು ಮರೆತುಬಿಟ್ಟಿದ್ದರಂತೆ. ಆಮೇಲೆ ಅವರ ಬೈಕು ಪಂಕ್ಚರ್ ಆದರೂ, ಮಗಳ ಸಂಬಂಧ ತಪ್ಪಿದರೂ, ಬಾವಿಯ ಪಂಪು ಸುಟ್ಟರೂ ಊರಿನವರೆಲ್ಲ ಆ ಬಾಳೆಗೊನೆಯನ್ನೇ ನೆನಪಿಸುತ್ತಿದ್ದರು. ಕೊನೆಗೆ ಅವರು ಒಂದರ ಬದಲು ಮೂರು ಗೊನೆ ಹೊತ್ತುಕೊಂಡು ಹೋಗಿ ಒಪ್ಪಿಸಿದ ಮೇಲೆಯೇ ಊರಿನವರಿಗೆ ಸಮಾಧಾನ. ಹಾಗಾಗಿ ಅಮ್ಮ ಹರಕೆ ಹೇಳಿಕೊಂಡ ಕೂಡಲೇ ಗಿರಿಜೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಂದೇ ಯೋಚನೆ. ಆ ಹುಡುಗ ಸೋಲುತ್ತಾ ಇರುವವರೆಗೆ ಅಮ್ಮನ ಬಾಯಿ ಖಾಲಿ, ಗೆದ್ದರೆ ಮತ್ತೆ ಹೊಗೆಸೊಪ್ಪು. “ಹ್ವಾಯ್, ಆ ಟೀಮ್ ಹ್ಯಾಂಗಿತ್? ಗೆಲ್ಲು ಅಂದಾಜ್ ಇತ್ತಾ?” ಎಂದು ಗಿರಿಜೆ ಪಿಸುಗುಟ್ಟಿದಳು. ಸದ್ಯಕ್ಕೆ ಇಲ್ಲ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರದೇಶದ ತಂಡವೊಂದು ಕೆಲಸಕ್ಕೆ ಬಾರದ್ದು ಎಂದು ಕೇಳಿ ಸಂತೋಷಕ್ಕೆ ಅತ್ತ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ.

ಮೊದಲ ವಾರ ಮನೆಯಲ್ಲಿ ಇರಲಿಕ್ಕಾಗಲಿಲ್ಲ. ಎಲೆಅಡಿಕೆ ಇಲ್ಲದ ಬಾಯಿಗೆ ಮಾತು ದುಪ್ಪಟ್ಟಾಯಿತು. ಸಾರಿಗೆ ಉಪ್ಪು ಹೆಚ್ಚು, ಗಿರಿಜೆ ಗುಡಿಸಿದ ಅಂಗಳದಲ್ಲಿ ಕಸ, ನಾನು ಉಸಿರಾಡುವ ಶಬ್ದ ಜಾಸ್ತಿ. ತಡೆಯಲಾರದೆ ಅಮ್ಮ ಒಂದು ಸಲ ಎಲೆತಟ್ಟೆ ತೆಗೆದು, ಒರೆಸಿ, ಮೂಸಿ, ಮತ್ತೆ ಮೇಲಿಟ್ಟದ್ದನ್ನು ನಾನು ಕಂಡೆ. ಅಯ್ಯೋ ಎನಿಸಿತು. ಆದರೂ ಮರುದಿನ ಬೆಳಿಗ್ಗೆ ಕಣ್ಣುಬಿಟ್ಟವನು ಮೊದಲು ಮಾಡಿದ ಕೆಲಸ, ನೀಲಿ ಅಂಗಿಯವರು ಸೋಲಲಿ ದೇವರೇ ಎಂದು ಕೈಮುಗಿದದ್ದು. ಸೋತರೆ ಹಣ್ಣುಕಾಯಿ ಮಾಡಿಸುತ್ತೇನೆ ಎಂದು ನಾನೂ ಹರಕೆ ಹೇಳಿಕೊಂಡೆ. ಅವರು ಸೋತರು. ನಾನು ತೆಂಗಿನಕಾಯಿ ಹಿಡಿದುಕೊಂಡು ಗದ್ದೆಯಾಚೆಯ ದೇವಸ್ಥಾನಕ್ಕೆ ಹೋದೆ.

ಅಲ್ಲಿ ಹೋದ ಮೇಲೆ ಗೊತ್ತಾಯಿತು, ಅಮ್ಮ ಹಿಂದಿನ ದಿನವೇ ಬಂದು ಅವನ ಹೆಸರಿಗೆ ಅರ್ಚನೆ ಮಾಡಿಸಿ ಹೋಗಿದ್ದಾಳೆ. ಪೂಜೆಯ ಭಟ್ಟರು ಹೆಸರು, ನಕ್ಷತ್ರ, ಗೋತ್ರ ಕೇಳಿದ್ದಾರೆ. “ಹೆಸ್ರಿಗ್ ನನ್ ನಾಲ್ಗಿ ತಿರ್ಗುದಿಲ್ಲೆ ಭಟ್ರೆ. ನಂಬ್ರ ನಲ್ವತ್ತೊಂದ್” ಎಂದಿದ್ದಾಳೆ ಅಮ್ಮ. ಭಟ್ಟರು ಅನುಭವಸ್ಥರು, ಊರಿನವರ ಬಗೆಬಗೆಯ ಬೇಡಿಕೆ ಕೇಳಿ ಪಳಗಿದವರು, ಸಂಕಲ್ಪದಲ್ಲಿ ನಲವತ್ತೊಂದನ್ನೇ ಸೇರಿಸಿ ಮಂತ್ರ ಹೇಳಿ 'ಗೆಲ್ಲಲಿ' ಎಂದು ಹೂ ಹಾಕಿದ್ದಾರೆ. ಈಗ ನಾನು ಹೋಗಿ ನಿಂತೆ. ಯಾರ ಹೆಸರಿಗೆ ಎಂದು ಕೇಳಿದರು. ಅದೇ ನಲವತ್ತೊಂದನೇ ನಂಬರಿನವನ ಲೆಕ್ಕದ್ದು ಎಂದೆ. “ಓ, ಗೆದ್ನಾ?” ಎಂದು ಭಟ್ಟರು ಖುಷಿಯಲ್ಲಿ ಕೇಳಿದರು. ಅಲ್ಲ, ಸೋತದ್ದಕ್ಕೆ ಎಂದೆ. ಭಟ್ಟರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ದೇವರನ್ನು ನೋಡಿದರು. “ಹ್ವಾಯ್, ಒಂದೇ ಮನಿಯಿಂದ ಹೀಂಗ್ ಎರಡ್ ನಮೂನಿ ಬೇಡ್ಕಂಡ್ರೆ ದೇವ್ರ್ ಎಂತ ಮಾಡುದ್ ಮಾರಾಯ್ರೆ?” ಎಂದರು. ನಾನು ಗರ್ಭಗುಡಿಯ ಮೆಟ್ಟಿಲ ಹತ್ತಿರ ನಿಂತು ಅಮ್ಮನ ಕೆನ್ನೆಯೊಳಗಿನ ಬಿಳಿ ಕಲೆಯ ವಿಷಯ ಹೇಳಿದೆ. ಭಟ್ಟರು ಕಾಯಿ ಒಡೆದು ಆರತಿ ಮಾಡಿದರು. ಪ್ರಸಾದ ಕೊಡುವಾಗ ದನಿ ತಗ್ಗಿಸಿ, “ಅಮ್ಮ ಬಂದ್ರೆ ಅರ್ಚನಿ ಮಾಡ್ದೆ ಇಪ್ಪುಕಾತಿಲ್ಲ, ಮಾಡ್ತೆ. ಆರೆ ಗಂಟಿ ಮಾತ್ರ ಸಣ್ಣಕ್ಕೆ ಬಡಿತೆ” ಎಂದರು.

ಗಂಟೆ ಸಣ್ಣಗೆ ಬಡಿದದ್ದರ ಫಲವೋ ಏನೋ, ನೀಲಿ ಅಂಗಿಯವರು ಸೋಲುತ್ತಲೇ ಹೋದರು. ಅಲ್ಲಿ ಹಿಂದಿನ ದಿನ ನಡೆದು ಮುಗಿದ ಆಟವನ್ನು ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಟಿವಿಯಲ್ಲಿ ಹಾಕುತ್ತಾರೆ. ನಾನು ಅದಕ್ಕೂ ಮೊದಲೇ ಹಾಸಿಗೆಯಲ್ಲಿ ಬಿದ್ದುಕೊಂಡು ಫೋನಿನಲ್ಲಿ ಫಲಿತಾಂಶ ನೋಡಿ, ಸೋತಿದ್ದರೆ ಹಾಯಾಗಿ ಎದ್ದು ಬರುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಹುಡುಗನ ಮುಖ ತೋರಿಸಿದಾಗ ನಾನು ಪೇಪರು ಅಡ್ಡ ಹಿಡಿದುಕೊಳ್ಳುತ್ತಿದ್ದೆ. ಅವನು ಅಷ್ಟು ಒದ್ದಾಡಿ ತಡೆಯುತ್ತಾನೆ, ಇಲ್ಲಿ ತೆಕ್ಕಟ್ಟೆಯಲ್ಲಿ ಒಬ್ಬ ಅವನ ವಿರುದ್ಧ ಕಾಯಿ ಒಡೆಸುತ್ತಾನೆ. ಅವನಿಗೂ ಒಬ್ಬ ತಾಯಿ ಇರಬೇಕು. ಅವಳೂ ಟಿವಿಯ ಮುಂದೆ ಕೂತಿರಬೇಕು. ಅದನ್ನು ಯೋಚಿಸಿದ ದಿನ ಅಂಗಡಿಯಲ್ಲಿ ಅರ್ಧ ಇಂಚಿನ ಪೈಪು ಕೇಳಿದವನಿಗೆ ಒಂದು ಇಂಚಿನದು ಕೊಟ್ಟು ಕಳಿಸಿದೆ.

ಆಮೇಲೆ ಒಂದು ದಿನ ಅವರು ಗೆದ್ದುಬಿಟ್ಟರು. ಫೋನು ನೋಡಿದವನು ಹಾಸಿಗೆಯಲ್ಲಿ ಎದ್ದು ಕೂತೆ. ಏಳು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಅಮ್ಮ ಆಗಲೇ ಟಿವಿಯ ಮುಂದೆ ಚಾಪೆ ಹಾಸಿಯಾಗಿತ್ತು. ಗಿರಿಜೆಯನ್ನು ಎಬ್ಬಿಸಿ ವಿಷಯ ಹೇಳಿದರೆ ಅವಳು ಮನೆಗೆ ಬೆಂಕಿ ಬಿದ್ದವಳ ಹಾಗೆ ಓಡಿ, “ಅತ್ತೆ, ಒಂಚೂರ್ ಬನ್ನಿ, ಹಿತ್ಲಂಗ್ ಹಾವ್ ಹೋದಾಂಗಾಯ್ತ್” ಎಂದು ಅಮ್ಮನನ್ನು ಹೊರಗೆ ಕರೆದುಕೊಂಡು ಹೋದಳು. ಹಾವು ನಿಜವಾಗಿಯೂ ಇರಲಿಲ್ಲ, ಹಾವಿನಷ್ಟೇ ವಿಷ ನನ್ನ ಕೈಯಲ್ಲಿತ್ತು. ಬಿಲ್ಲೆ ಹುಡುಕಲು ರೆಕಾರ್ಡ್ ಮಾಡಿದ್ದ ನೀಲಿ ಅಂಗಿಯವರ ಆ ಹಳೆಯ ಸೋಲಿನ ಪೆನ್‌ಡ್ರೈವನ್ನು ಸಿಕ್ಕಿಸಿ, ಆಟ ಶುರು ಮಾಡಿ, ಏನೂ ಗೊತ್ತಿಲ್ಲದವನ ಹಾಗೆ ಪೇಪರು ಹಿಡಿದು ಕೂತೆ. ಅಮ್ಮ ಬಂದು ಕೂತಳು. ನೋಡಿದಳು. ಕೊನೆಗೆ “ಇವತ್ತೂ ಹೋಯ್ತ್” ಎಂದು ಉಸಿರು ಬಿಟ್ಟು ಎದ್ದು ಹೋದಳು. ನನಗೂ ಹೋದ ಉಸಿರು ಬಂತು.

ಅಲ್ಲಿಂದ ಮುಂದೆ ಇದೇ ನಮ್ಮ ಕ್ರಮವಾಯಿತು. ನೀಲಿ ಅಂಗಿಯವರು ಸೋತ ದಿನ ಟಿವಿಯವರು ಹಾಕಿದ ಆಟ, ಗೆದ್ದ ದಿನ ನಾನು ಹಾಕಿದ ಆಟ. ಗಿರಿಜೆ ಒಂದು ದಿನ ಹಾವು, ಒಂದು ದಿನ ಉಕ್ಕಿದ ಹಾಲು, ಒಂದು ದಿನ ಗೇಟಿನ ಹತ್ತಿರ ಯಾರೋ ಕರೆದದ್ದು ಎಂದು ಅಮ್ಮನನ್ನು ಎಬ್ಬಿಸುತ್ತಿದ್ದಳು. ತಿಂಗಳುಗಳು ಕಳೆದ ಮೇಲೆ ಅಮ್ಮನನ್ನು ಮತ್ತೆ ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಬೆರಳಿನಿಂದ ಸವರಿ ನೋಡಿದರು. ಕಲೆ ಮಾಸಿದೆ, ಇನ್ನೂ ಸ್ವಲ್ಪ ಇದೆ, ಹೀಗೇ ಮುಂದುವರಿದರೆ ಚೂರು ತೆಗೆಯುವ ಅಗತ್ಯ ಬೀಳಲಿಕ್ಕಿಲ್ಲ, ಆದರೆ ಒಂದು ಎಲೆಯನ್ನೂ ಬಾಯಿಗೆ ಇಡಬಾರದು ಎಂದರು. ಹೇಗೆ ಬಿಡಿಸಿದಿರಿ ಎಂದು ನನ್ನನ್ನು ಕೇಳಿದರು. ಗೋಲ್‌ಕೀಪರ್ ಎಂದೆ. ಆ ಹೆಸರಿನ ಮಾತ್ರೆ ಯಾವ ಕಂಪೆನಿಯದ್ದು ಎಂಬಂತೆ ಅವರು ನನ್ನನ್ನೇ ನೋಡಿದರು.

ಇಷ್ಟಾಗುವಾಗ ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಸ್ವಲ್ಪ ಅಹಂಕಾರ ಬಂದದ್ದು ಹೌದು. ಹೋದ ತಿಂಗಳು ಒಂದು ಭಾನುವಾರ ಹಾಗೇ ಪೆನ್‌ಡ್ರೈವ್ ಹಾಕಿ ಕಾಲು ಚಾಚಿ ಕೂತಿದ್ದೆ. ಅಮ್ಮ ಚಾಪೆಯಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ, “ಈಗ ಎಡ್ಗಡಿಂದ ಬತ್ತ್ ಕಾಣ್” ಎಂದಳು. ಎಡಗಡೆಯಿಂದ ಬಂತು, ಗೋಲ್ ಆಯಿತು. ಪರವಾಗಿಲ್ಲ, ಅಮ್ಮನಿಗೆ ಆಟ ಅರ್ಥವಾಗತೊಡಗಿದೆ ಎಂದುಕೊಂಡೆ. ಇನ್ನೊಂದು ತೊಂಡೆಕಾಯಿ ಹೆಚ್ಚಿ, “ಇನ್ ಆ ಉದ್ದದವ ಬೀಳ್ತ” ಎಂದಳು. ಉದ್ದದವನು ಬಿದ್ದ. ನನ್ನ ಚಹಾದ ಲೋಟ ಬಾಯಿಯ ಹತ್ತಿರ ನಿಂತಿತು. ಅಮ್ಮ ಆಗ ತಲೆ ಎತ್ತಿ ಟಿವಿಯಲ್ಲಿ ಜನ ಕೂತಿದ್ದ ಕಡೆಗೆ ಚೂರಿ ತೋರಿಸಿದಳು. “ಅಲ್ಲ್ ಹಳ್ದಿ ಟೊಪ್ಪಿ ಹಾಯ್ಕಂಡ್ ಕೂತಿತ್ತಲ್ದಾ ಒಂದ್ ಹೆಂಗ್ಸ್. ಪಾಪ, ಅದ್ಕೆ ಎಷ್ಟ್ ಸಲ ಅದೇ ತಿಂಡಿ ತಿನ್ಸ್ತೆ ಮಗಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನು ಬಿಲ್ಲೆಯನ್ನೇ ಹುಡುಕುತ್ತಾ ಕೂತವನು, ಆಟ ನೋಡಲು ಬಂದ ಜನರನ್ನು ಅಮ್ಮ ಒಬ್ಬೊಬ್ಬರಾಗಿ ನೋಡಿಟ್ಟುಕೊಂಡಿದ್ದಾಳೆ ಎಂದು ಹೇಗೆ ಗೊತ್ತಾಗಬೇಕು? ಯಾವಾಗಿಂದ ಗೊತ್ತು ನಿನಗೆ ಎಂದು ಕೇಳಿದೆ. “ಸುರುವಿನ ದಿನ್ವೇ. ಹಾವ್ ಹೋಯ್ತ್ ಅಂದ್ಲಲ್ದಾ ನಿನ್ನ್ ಹೆಂಡ್ತಿ, ಆ ದಿನ.” ಮತ್ತೆ ಯಾಕೆ ಹೇಳಲಿಲ್ಲ ಎಂದೆ. ಅಮ್ಮ ಚೂರಿ ಕೆಳಗಿಟ್ಟಳು. “ನಂಗ್ ಹೆದ್ರಿಕಿ ಆಯ್ತ್ ಮಗಾ. ಆ ಡಾಕ್ಟ್ರ್ ಕನ್ನಡಿ ಹಿಡ್ದ್ ತೋರ್ಸ್ದಾಗ್ಳೇ ಕೈಕಾಲ್ ತಣ್ಣಗಾಯ್ತ್. ಆರೆ ಹೆದ್ರಿಕಿ ಆತ್ ಅಂದ್ರೆ ನೀನ್ ನನ್ನಿಂದ ಮೊದ್ಲ್ ಅಳ್ತೆ, ನಿನ್ನ್ ನಾ ಕಾಣ್ದ್ದಾ? ಡಾಕ್ಟ್ರ್ ಹೇಳ್ರ್ ಅಂದ್ಕಂಡ್ ಬಿಟ್ಟಿದ್ರೆ ನಾಕ್ ದಿನಕ್ಕ್ ಮತ್ತ್ ಹಾಕ್ತಿದ್ದೆ, ನನ್ ಬುದ್ಧಿ ನಂಗ್ ಗೊತ್ತಿತ್. ಹರಕಿ ಆರೆ ಬಿಡುಕಾಪ್ದೇ. ಅದ್ಕೆ ಆ ಮಾಣಿ ಮೇಲ್ ಹಾಕ್ದೆ.” ಅಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಐವತ್ತೈದು ದಾಟಿದ ನಾನು ತೊಂಡೆಕಾಯಿಯ ತಟ್ಟೆಯ ಮುಂದೆ ಕೂತು ಅತ್ತುಬಿಟ್ಟೆ.

ಸಮಾಧಾನವಾದ ಮೇಲೆ ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು, ಅಮ್ಮಾ, ನಿನ್ನ ಮಾಣಿ ಗೆದ್ದಿದ್ದಾನೆ, ಒಂದಲ್ಲ, ಸುಮಾರು ಸಲ ಗೆದ್ದಿದ್ದಾನೆ ಎಂದೆ. “ಹಾಂಗಾರೆ ಗೆದ್ದದ್ ಹೌದಾ!” ಎಂದಳು ಅಮ್ಮ. ಆ ಮುಖವನ್ನು ನೀವು ನೋಡಬೇಕಿತ್ತು. “ಹ್ಯಾಂಗ್ ಗೆದ್ದ? ಮುಖವಾಡ ತೆಗ್ದ್ ನೆಗ್ಯಾಡ್ನಾ? ಉಳ್ದರೆಲ್ಲ ಬಂದ್ ಹೆಗ್ಲ್ ಮೇಲ್ ಕೈ ಹಾಕ್ರಾ?” ಎಂದು ಒಂದರ ಮೇಲೊಂದು ಕೇಳಿದಳು. ಫೋನಿನಲ್ಲಿ ನೋಡಿದ್ದನ್ನು ಹೇಳಿದೆ. ಎಲ್ಲರೂ ಬಂದು ಅವನ ತಲೆಗೆ ತಲೆ ತಾಗಿಸಿದರು, ಅವನು ನಕ್ಕ ಎಂದೆ. ಹೇಳುತ್ತಾ ಹೇಳುತ್ತಾ ನನಗೆ ಲೆಕ್ಕ ಹೊಳೆಯಿತು. ಮಾಣಿ ಗೆದ್ದ ಎಂದರೆ ಹರಕೆ ತೀರಿತು. ಎಲೆತಟ್ಟೆ ಕಪಾಟಿನ ಮೇಲೆಯೇ ಇದೆ. ಎಂಥ ಕೆಲಸ ಮಾಡಿಕೊಂಡೆ ನಾನು! ಹಾಗಾದರೆ ಎಲೆಅಡಿಕೆ ಎಂದು ಕೇಳಿ ಅರ್ಧಕ್ಕೇ ನಿಲ್ಲಿಸಿದೆ. ಅಮ್ಮ ತಲೆ ಎತ್ತಿ ಆ ತಟ್ಟೆಯ ಕಡೆ ನೋಡಿದಳು. “ಹರಕಿ ಹೇಳ್ಕಂಡದ್ ಯಾರ್? ನಾನ್. ಅವ ಗೆದ್ದದ್ ನಾ ಕಂಡ್ನಾ? ಕಣ್ಣಾರೆ ಕಾಣ್ದೆ ಹರಕಿ ಮುಗೂದ್ ಹ್ಯಾಂಗೆ?” ಎಂದಳು. ಆಮೇಲೆ ದನಿ ಸಣ್ಣದಾಯಿತು. “ಕಾಂಬುಕೆ ಆಸಿ ಇಲ್ಲೆ ಅಂತಲ್ಲ. ಆರೆ ನೀ ತೋರ್ಸುಕಾಗ. ನಾ ಕೇಂಡ್ರೂ ತೋರ್ಸುಕಾಗ” ಎಂದಳು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಬಾಗಿಲಲ್ಲಿ ಗಿರಿಜೆ ನಿಂತಿದ್ದಳಲ್ಲ. ಅವಳು ಸುಮ್ಮನಿರದೆ ನನ್ನ ಕಡೆ ಕೈ ತೋರಿಸಿ, ಹಾಂಗೇ ಇವರದ್ದೂ ಒಂದು ವ್ಯವಸ್ಥೆ ಮಾಡಿ ಅತ್ತೆ, ರಕ್ತದಲ್ಲಿ ಸಕ್ಕರೆ ಏರುತ್ತಾ ಉಂಟು, ದಿನಾ ಹನ್ನೊಂದು ಗಂಟೆಗೆ ಅಂಗಡಿ ಬಿಟ್ಟು ಹೋಟೆಲಿಗೆ ಹೋಗಿ ಬನ್ಸ್ ತಿಂದು ಬರುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ ಎಂದಳು. ಬಾಳೆಹಣ್ಣು ಹಾಕಿ ಉಬ್ಬಿಸಿ ಕರಿದ ಬನ್ಸನ್ನು ಬಿಸಿಬಿಸಿ ತಿಂದು, ಮೇಲೆ ಸಕ್ಕರೆ ಹೆಚ್ಚು ಹಾಕಿಸಿದ ಚಹಾ ಕುಡಿಯುವುದು ಒಂದು ಅಪರಾಧವಾದರೆ, ನಮ್ಮ ಕಡೆಯ ಅರ್ಧ ಜನ ಗಾಜಿನ ಗೂಡಿನಲ್ಲಿರಬೇಕು. ಆದರೆ ಅಮ್ಮ ವಾದ ಕೇಳುವವಳಲ್ಲ. ಮಕ್ಕಳ ಪರವಾಗಿ ತಾಯಿ ಹರಕೆ ಹೇಳಿಕೊಂಡರೆ ಅದನ್ನು ನಡೆಸಬೇಕಾದವರು ಮಕ್ಕಳು, ಇದು ನಮ್ಮಲ್ಲಿ ಅಜ್ಜಿಯಂದಿರ ಕಾಲದಿಂದ ಬಂದದ್ದು. ಅಮ್ಮ ಕೈ ತೊಳೆದು ದೇವರ ಕೋಣೆಗೆ ಹೋದಳು. “ಆ ಕೆಂಪಂಗಿಯವ್ರ್ ಗೆಲ್ಲು ವರಿಗೆ ನನ್ ಮಗ ಬನ್ಸ್ ಮುಟ್ಟೂದಿಲ್ಲ, ಚಾಕ್ಕೆ ಸಕ್ರಿ ಹಾಕೂದಿಲ್ಲ” ಎಂದು ನನ್ನನ್ನು ಒಂದು ಮಾತೂ ಕೇಳದೆ ಹೇಳಿಕೊಂಡಳು. ಕೆಂಪು ಅಂಗಿಯವರು ಯಾರೆಂದು ಫೋನಿನಲ್ಲಿ ಹುಡುಕಿ ನೋಡಿದೆ. ನೀಲಿ ಅಂಗಿಯವರ ಕೈಯಲ್ಲೂ ಸೋತು ಪಟ್ಟಿಯ ತಳದಲ್ಲಿ ಕೂತ ಮಹಾನುಭಾವರು.

ಈಗ ನನ್ನ ಅವಸ್ಥೆ ಕೇಳಬೇಡಿ. ಕೆಂಪು ಅಂಗಿಯ ಗೋಲ್‌ಕೀಪರನಿಗೆ ಮಂಡಿ ನೋವು ಎಂದು ತಿಳಿದರೆ ನನಗೆ ನಿದ್ದೆ ಬರುವುದಿಲ್ಲ. ಹೋಟೆಲಿನವನು ಯಾಕೆ ಕಾಣಿಸುತ್ತಿಲ್ಲ ಎಂದು ಕೇಳಿದರೆ, ಅಮೇರಿಕಾದಲ್ಲಿ ಒಂದು ಪಾರ್ಟಿ ಗೆಲ್ಲಬೇಕು, ಆಮೇಲೆ ಬರುತ್ತೇನೆ ಎನ್ನುತ್ತೇನೆ. ಅವನು ಅಲ್ಲಿನ ಚುನಾವಣೆ ಯಾವಾಗ ಎಂದು ವಿಚಾರಿಸುತ್ತಾನೆ. ಮೊನ್ನೆ ಮಾತ್ರ ಬೆಳಿಗ್ಗೆ ಫೋನು ನೋಡಿದವನು ಹಾಸಿಗೆಯಿಂದ ಹಾರಿಬಿಟ್ಟೆ. ಕೆಂಪು ಅಂಗಿಯವರು ಗೆದ್ದಿದ್ದರು! ಸ್ನಾನ ಮಾಡಿ, ತಲೆ ಬಾಚಿ, ಕಣ್ಣಾರೆ ಕಂಡು ಹರಕೆ ಮುಗಿಸಿ ನೆಟ್ಟಗೆ ಹೋಟೆಲಿಗೆ ಹೋಗುವುದೆಂದು ಅಂಗಿಯನ್ನೂ ಹಾಕಿಕೊಂಡು ಏಳು ಗಂಟೆಗೆ ಟಿವಿಯ ಮುಂದೆ ಕೂತೆ. ರಿಮೋಟು ಅಮ್ಮನ ಕೈಯಲ್ಲಿತ್ತು. ಆಟ ಶುರುವಾಯಿತು. ಕೆಂಪು ಅಂಗಿಯವರ ಮೇಲೆ ಒಂದು ಗೋಲ್ ಬಿತ್ತು, ಎರಡು ಬಿತ್ತು, ಮೂರನೆಯದೂ ಬಿತ್ತು. ನಾನು ಗಿರಿಜೆಯ ಮುಖ ನೋಡಿದೆ, ಅವಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದಳು. ಸೆಟ್‌ಟಾಪ್ ಬಾಕ್ಸಿನ ಹಿಂದೆ ಪೆನ್‌ಡ್ರೈವಿನ ದೀಪ ಮಿಣಮಿಣ ಎನ್ನುತ್ತಿತ್ತು, ಅದು ನಾನು ತಂದ ಪೆನ್‌ಡ್ರೈವ್ ಅಲ್ಲ. ನಾನು ಅದನ್ನು ಕಂಡದ್ದನ್ನು ಅಮ್ಮ ಕಂಡಳು. ಇಬ್ಬರೂ ಆಟವನ್ನು ಕೊನೆಯವರೆಗೆ ನೋಡಿದೆವು.

“ಛೆ, ಇವತ್ತೂ ಹೋಯ್ತಲ್ಲ ಅಮ್ಮಾ” ಎಂದೆ ನಾನು, ಅಂಗಿಯ ಗುಂಡಿ ಬಿಚ್ಚುತ್ತಾ.

“ಬೇಜಾರ್ ಮಾಡ್ಬೇಡ, ನಾಳಿಗ್ ಗೆಲ್ತ್ರ್ ಕಾಣ್” ಎಂದು ಅಮ್ಮ ಸಕ್ಕರೆ ಹಾಕದ ಚಹಾವನ್ನು ನನ್ನ ಕಡೆಗೆ ಸರಿಸಿದಳು.